ಕೆರೆಯವನಿಗೆ ಯಾರಾದರೂ ಊಟ ಹಾಕಲಿ

ತಮ್ಮಾ,

ನಿನ್ನ ಕಥೆಯ ಎರಡನೇ ಭಾಗ ಓದಿದೆ. ಎರಡು ಸಲ ಓದಿದೆ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಮೊದಲ ಭಾಗದಲ್ಲಿ ಊರವರು ನಿನ್ನ ಕೆರೆಯ ರಾಕ್ಷಸನನ್ನು, ಆ ಕೆರೆಯವನನ್ನು, ತೂಬಿನ ಹತ್ತಿರ ಹೊಡೆದು ಹೂತು ಬಂದಿದ್ದರು, ಈಗ ಅವನು ಎದ್ದು ಬಂದಿದ್ದಾನೆ. ಬರಲಿ, ತಪ್ಪೇನಿಲ್ಲ. ಆದರೆ ಬಂದವನು 3ನೇ ಪುಟದಲ್ಲಿ ಅಳೋಕೆ ಶುರು ಮಾಡಿ 22ನೇ ಪುಟದವರೆಗೂ ಅಳುತ್ತಾನಲ್ಲ ಮಾರಾಯ! ನಡುವೆ ನಾಲ್ಕು ಪುಟ ಅವನ ಬಾಲ್ಯ. ಮಲತಾಯಿ, ಹಸಿವು, ಬರೆ ಹಾಕಿದ್ದು, ಎಲ್ಲಾ ಇದೆ. ಓದುವವರಿಗೆ ಅವನ ಮೇಲೆ ಕನಿಕರ ಬರಲೇಬೇಕು ಅಂತ ನಿನಗೆ ಎಷ್ಟು ಆತುರ ಅಂದರೆ, ಅವನ ಪರವಾಗಿ ನೀನೇ ತಟ್ಟೆ ಹಿಡಿದು ಮನೆಮನೆ ಮುಂದೆ ನಿಂತಿದ್ದೀಯ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ನಿನ್ನ ವಯಸ್ಸಿನಲ್ಲಿ ನಾನೂ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದ ಒಬ್ಬ ಹುಚ್ಚನ ಬಗ್ಗೆ ಕಥೆ ಬರೆದಿದ್ದೆ. ಪಾಪ ಅನ್ನೋ ಪದ ಅದರಲ್ಲಿ ಎಷ್ಟು ಸಲ ಬಂದಿತ್ತು ಅಂತ ಹೇಳೋಕೆ ಈಗಲೂ ನಾಚಿಕೆ. ಒಬ್ಬ ಸಂಪಾದಕರು ಅದನ್ನು ವಾಪಸ್ ಕಳಿಸಿ, ಅಂಚಿನಲ್ಲಿ ಒಂದೇ ಒಂದು ಸಾಲು ಬರೆದಿದ್ದರು: ಇವನಿಗೆ ಏನು ಬೇಕು? ನನಗೆ ಉತ್ತರ ಗೊತ್ತಿರಲಿಲ್ಲ. ಸಿಟ್ಟು ಮಾತ್ರ ಬಂತು, ಸುಮಾರು ವರ್ಷ ಇತ್ತು ಕೂಡ.

ಉತ್ತರ ಸಿಕ್ಕಿದ್ದು ಒಂದು ಸಿನಿಮಾದಿಂದ. 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್'. 1935ರದ್ದು, ಕಪ್ಪು ಬಿಳುಪು, ಬರೀ 75 ನಿಮಿಷ. ನಿನ್ನ ಕಥೆಯ ಹಾಗೇ ಅದೂ ಎರಡನೇ ಭಾಗ. 1931ರಲ್ಲಿ ಯೂನಿವರ್ಸಲ್ ಕಂಪನಿಯವರು ತೆಗೆದ ಮೊದಲನೇದು ಸಿಕ್ಕಾಪಟ್ಟೆ ಓಡಿತು, ಇನ್ನೊಂದು ಮಾಡು ಅಂದರು. ನಿರ್ದೇಶಕ ಜೇಮ್ಸ್ ವೇಲ್‌ಗೆ ಮೊದಲಿಗೆ ಮನಸ್ಸೇ ಇರಲಿಲ್ಲ. ಬಹುಶಃ ಮನಸ್ಸಿಲ್ಲದ್ದೇ ಒಳ್ಳೇದಾಯಿತು. ಮತ್ತೆ ಅದೇ ಹೆದರಿಸುವ ಆಟ ಆಡದೆ ತನಗೆ ತೋಚಿದ್ದನ್ನೆಲ್ಲ ಮಾಡಿದ್ದಾನೆ. (ಒಂದು ಮಾತು, ಫ್ರಾಂಕೆನ್‌ಸ್ಟೈನ್ ಅಂದರೆ ಆ ರಾಕ್ಷಸನ ಹೆಸರಲ್ಲ, ಹೆಣಗಳ ತುಂಡು ಜೋಡಿಸಿ ಅವನನ್ನು ಮಾಡಿದ ವಿಜ್ಞಾನಿಯ ಹೆಸರು. ರಾಕ್ಷಸನಿಗೆ ಹೆಸರೇ ಇಲ್ಲ. ನಿನ್ನ ಪತ್ರದಲ್ಲಿ ನೀನೂ ತಪ್ಪಾಗಿ ಬರೆದಿದ್ದೆ.)

ಈಗ ಶುರುವಿನ ದೃಶ್ಯ ಹೇಗಿದೆ ಅಂತ ಕೇಳು. ಮೊದಲ ಸಿನಿಮಾದಲ್ಲಿ ಈ ರಾಕ್ಷಸ ಮರಿಯಾ ಅನ್ನೋ ಪುಟ್ಟ ಹುಡುಗಿಯ ಜೊತೆ ಕೆರೆಯ ದಂಡೆಯಲ್ಲಿ ಹೂ ತೇಲಿಬಿಡುತ್ತಾ ಆಡುತ್ತಿರುತ್ತಾನೆ, ಹೂ ಮುಗಿದಾಗ ಅವಳೂ ತೇಲುತ್ತಾಳೆ ಅಂತ ಎತ್ತಿ ನೀರಿಗೆ ಹಾಕುತ್ತಾನೆ. ಅವಳು ಸಾಯುತ್ತಾಳೆ. ಊರವರು ಅವನನ್ನು ಗಾಳಿಯಂತ್ರದೊಳಗೆ ಅಟ್ಟಿ ಬೆಂಕಿ ಇಡುತ್ತಾರೆ. ಎರಡನೇ ಭಾಗ ಅಲ್ಲಿಂದಲೇ ಶುರು. ಮಗುವಿನ ಅಪ್ಪ, ಅವನ ಮೂಳೆ ನೋಡದೆ ನಿದ್ದೆ ಬರಲ್ಲ ಅಂತ ಆ ಬೂದಿಯೊಳಗೆ ಹೋಗುತ್ತಾನೆ, ಜಾರಿ ಕೆಳಗಿನ ನೀರಿನ ಗುಂಡಿಗೆ ಬೀಳುತ್ತಾನೆ. ರಾಕ್ಷಸ ಅಲ್ಲೇ ಬದುಕಿದ್ದಾನೆ. ಅವನನ್ನು ಮುಳುಗಿಸಿ ಕೊಂದು ಮೇಲೆ ಹತ್ತುತ್ತಾನೆ. ಮೇಲೆ ಆ ಅಪ್ಪನ ಹೆಂಡತಿ, ಗಂಡನೇ ಹತ್ತಿ ಬರುತ್ತಿದ್ದಾನೆ ಅಂತ ಕತ್ತಲಲ್ಲಿ ಕೈ ಚಾಚುತ್ತಾಳೆ. ಕೈ ಹಿಡಿದವನು ಯಾರು ಅಂತ ತಿಳಿಯುವ ಹೊತ್ತಿಗೆ ಅವಳೂ ಗುಂಡಿಯಲ್ಲಿ.

ನೋಡು. ಮಗು ಹೋಗಿತ್ತು, ಈಗ ಅಪ್ಪ, ಅಮ್ಮ. ಒಂದು ಮನೆ ಪೂರ್ತಿ ಖಾಲಿ. ಇಷ್ಟು ಮಾಡಿದವನ ಮೇಲೆ ಇನ್ನು ಅರ್ಧ ಗಂಟೆಯಲ್ಲಿ ನಮಗೆ ಕರುಳು ಚುರುಕ್ ಅನ್ನಬೇಕು! ವೇಲ್ ಅದನ್ನು ಮುಚ್ಚಿಡಲಿಲ್ಲ, ಬೇರೆ ಯಾರೋ ಕೊಂದರು ಅಂತ ತಿರುಚಲಿಲ್ಲ. ನೀನು ಏನು ಮಾಡಿದ್ದೀಯ? ಮೊದಲ ಭಾಗದಲ್ಲಿ ಕೆರೆಯವನು ಎಳೆದುಕೊಂಡು ಹೋದ ಮೀನುಗಾರನ ಮಗನನ್ನು, ಎರಡನೇ ಭಾಗದಲ್ಲಿ ನಿಜವಾಗಿ ಕೊಂದದ್ದು ಶ್ಯಾನುಭೋಗ ಅಂತ ಹೇಳಿ ಪಾಪ ತೊಳೆದುಬಿಟ್ಟಿದ್ದೀಯ. ಅದು ಬೇಡ. ಕೊಂದವನು ಕೊಂದವನೇ ಆಗಿರಲಿ. ಆ ಮೀನುಗಾರ ಇನ್ನೂ ಅದೇ ಊರಲ್ಲಿ ಇದ್ದಾನೆ ತಾನೇ, ದಿನಾ ಬೆಳಿಗ್ಗೆ ಅದೇ ಕೆರೆಗೆ ಬಲೆ ಹಾಕುತ್ತಾನೆ ತಾನೇ, ಅವನ ಮುಖಕ್ಕೆ ನೀನು ಏನು ಹೇಳುತ್ತೀಯ?

ಆಮೇಲೆ ಬರುವುದು ಕಾಡಿನ ಗುಡಿಸಲು. ಆ ದೃಶ್ಯಕ್ಕೋಸ್ಕರವೇ ಈ ಪತ್ರ ಬರೆಯುತ್ತಿರೋದು ಅಂದುಕೋ. ಅಷ್ಟು ಹೊತ್ತಿಗೆ ಅವನನ್ನು ಹಿಡಿದು, ಕಂಬಕ್ಕೆ ಕಟ್ಟಿ ಎತ್ತಿ, ಜೈಲಿಗೆ ಹಾಕಿ, ಅವನು ತಪ್ಪಿಸಿಕೊಂಡು, ಎಲ್ಲಾ ಆಗಿರುತ್ತದೆ. ಗುಂಡೇಟು ಬಿದ್ದಿದೆ, ಕೈ ಸುಟ್ಟಿದೆ. ಕಾಡಿನಲ್ಲಿ ಪಿಟೀಲು ಕೇಳಿಸುತ್ತದೆ. ಶಬ್ದ ಹಿಡಿದುಕೊಂಡು ಹೋದರೆ ಒಬ್ಬ ಕುರುಡ ಮುದುಕ. ಯಾರು ಅಂತ ಕೇಳುತ್ತಾನೆ, ಇವನು ಗುರ್ ಅನ್ನುತ್ತಾನೆ. ಓ, ನಿನಗೆ ಮಾತು ಬರಲ್ಲವಾ, ನನಗೆ ಕಣ್ಣು ಕಾಣಲ್ಲ, ಸರಿಹೋಯಿತು ಅನ್ನೋ ಹಾಗೆ ಮುದುಕ ಅವನನ್ನು ಕೂರಿಸಿ ಸೂಪು ಕೊಡುತ್ತಾನೆ, ಮಲಗಿಸುತ್ತಾನೆ. ಒಬ್ಬ ಗೆಳೆಯನನ್ನು ಕಳಿಸಿದೆಯಲ್ಲ ಅಂತ ದೇವರಿಗೆ ಕೈ ಮುಗಿದು ಅಳುತ್ತಾನೆ. ಆಗ ರಾಕ್ಷಸನ ಕಣ್ಣಿಂದಲೂ ಒಂದು ಹನಿ ಜಾರುತ್ತದೆ. ಸುಟ್ಟ ಕೈಯಿಂದ ಮುದುಕನ ಬೆನ್ನು ತಟ್ಟುತ್ತಾನೆ.

ಒಂದು ಹನಿ ಅಂದೆ, ಗಮನಿಸಿದೆಯಾ? ಅದೂ ತನ್ನ ಕಷ್ಟ ನೆನೆದು ಅಲ್ಲ. ಎದುರಿಗಿರುವವನು ಅತ್ತದ್ದಕ್ಕೆ.

ನಾನು ಇದನ್ನು ಮೊದಲು ನೋಡಿದ್ದು ಒಂದು ಫಿಲ್ಮ್ ಸೊಸೈಟಿಯ ಶೋದಲ್ಲಿ. ಕುರ್ಚಿ ಕಡಿಮೆ ಇದ್ದವು, ನೆಲದ ಮೇಲೆ ಕೂತಿದ್ದೆವು. ಮುದುಕ ಅವನಿಗೆ ಚುಟ್ಟಾ ಸೇದೋದು ಕಲಿಸುವಾಗ ಎಲ್ಲರೂ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಬ್ರೆಡ್ಡು, ವೈನು, ಗೆಳೆಯ, ಒಳ್ಳೇದು, ಹೀಗೆ ಒಂದೊಂದೇ ಪದ ಕಲಿಯುತ್ತಾನೆ. ಅಷ್ಟರಲ್ಲಿ ದಾರಿ ತಪ್ಪಿದ ಇಬ್ಬರು ಬೇಟೆಗಾರರು ಬಾಗಿಲಿಗೆ ಬರುತ್ತಾರೆ, ಹೊಡೆದಾಟ, ಗುಡಿಸಲಿಗೆ ಬೆಂಕಿ, ಮುದುಕನನ್ನು ಎಳೆದುಕೊಂಡು ಹೋಗುತ್ತಾರೆ. ಇವನು ಹೊಗೆಯೊಳಗಿಂದ ತಡವರಿಸುತ್ತಾ ಬಂದು, ಈಗಷ್ಟೇ ಕಲಿತ ಆ ಗೆಳೆಯ ಅನ್ನೋ ಪದ ಕೂಗುತ್ತಾನೆ. ಐದು ನಿಮಿಷದ ಹಿಂದೆ ನಕ್ಕಿದ್ದೆವಲ್ಲ, ಹಾಲ್‌ನಲ್ಲಿ ಒಬ್ಬರೂ ಕೆಮ್ಮಲಿಲ್ಲ. ನನ್ನ ಬಸ್ ಸ್ಟ್ಯಾಂಡಿನ ಹುಚ್ಚ ನೆನಪಾದ. ಅವನಿಂದ ಕಿತ್ತುಕೊಳ್ಳೋಕೆ ನಾನು ಅವನ ಕೈಗೆ ಏನನ್ನೂ ಕೊಟ್ಟೇ ಇರಲಿಲ್ಲ!

ಮಾತಿನ ವಿಷಯ ಬಂತು, ಹೇಳಿಬಿಡುತ್ತೇನೆ. ರಾಕ್ಷಸನ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್‌ಗೆ ತನ್ನ ಪಾತ್ರ ಮಾತಾಡೋದು ಇಷ್ಟವೇ ಇರಲಿಲ್ಲ, ಮಾತು ಬಂದರೆ ಅವನ ಸೊಗಸು ಹೋಗುತ್ತದೆ ಅಂತ ವಾದ. ಮೊದಲ ಸಿನಿಮಾದಲ್ಲಿ ಕಟ್ಟಿಸಿಕೊಂಡ ಹಲ್ಲು ತೆಗೆದಿಟ್ಟು ನಟಿಸಿದ್ದರಿಂದ ಕೆನ್ನೆ ಒಳಗೆ ಹೋಗಿತ್ತು. ಈ ಸಲ ಮಾತಾಡಬೇಕಲ್ಲ, ಹಲ್ಲು ಹಾಕಿಕೊಂಡ, ಮುಖ ತುಂಬಿಕೊಂಡಿತು. ನಾನು ವೇಲ್ ಕಡೆ. ಆದರೆ ಕಾರ್ಲಾಫ್ ಹೆದರಿದ್ದಕ್ಕೂ ಅರ್ಥ ಇದೆ. ನಿನ್ನ ಕೆರೆಯವನು ನೋಡು, ಸಮಾಜ, ನ್ಯಾಯ, ಒಂಟಿತನ ಅಂತೆಲ್ಲ ಭಾಷಣ ಬಿಗಿಯುತ್ತಾನೆ. ವರ್ಷಗಟ್ಟಲೆ ಕೆಸರಿನಲ್ಲಿದ್ದವನಿಗೆ ಇಷ್ಟು ಮಾತು ಎಲ್ಲಿಂದ ಬಂತು? ಹಾಗಂತ ಮಾತು ಬಲ್ಲ ರಾಕ್ಷಸ ಇರಲೇಬಾರದು ಅಂತಲ್ಲ. ಈ ಸಿನಿಮಾಗಳಿಗೆ ಮೂಲವಾದ ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ಅವನು ಪುಟಗಟ್ಟಲೆ ಮಾತಾಡುತ್ತಾನೆ. ಆದರೆ ಹೇಗೆ ಕಲಿತ ಅನ್ನೋದನ್ನು ಅವಳು ಪಟ್ಟಾಗಿ ಕೂತು ಬರೆದಿದ್ದಾಳೆ, ಒಂದು ಮನೆಯವರನ್ನು ತಿಂಗಳುಗಟ್ಟಲೆ ಗೋಡೆಯ ಸಂದಿನಿಂದ ನೋಡಿ ನೋಡಿ ಕಲಿಯುತ್ತಾನೆ. ಬರೆಯೋಕೆ ಶುರು ಮಾಡಿದಾಗ ಅವಳಿಗೆ 18 ವರ್ಷ. ನಿನಗೆ 24.

ಸಿನಿಮಾದಲ್ಲಿ ಗುಡಿಸಲು ಸುಟ್ಟ ಮೇಲೆ ಇನ್ನೊಬ್ಬ ಸಿಗುತ್ತಾನೆ. ಡಾಕ್ಟರ್ ಪ್ರಿಟೋರಿಯಸ್. ಅರ್ನೆಸ್ಟ್ ಥೆಸಿಗರ್ ಅನ್ನೋ ಕಡ್ಡಿಯಂಥ ನಟ. ಈ ಮನುಷ್ಯ ಗಾಜಿನ ಜಾಡಿಯೊಳಗೆ ಗೇಣುದ್ದದ ರಾಜ, ರಾಣಿಯನ್ನೆಲ್ಲ ಸಾಕಿರುತ್ತಾನೆ, ಆ ಭಾಗ ನನಗೆ ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ, ಇರಲಿ. ಸ್ಮಶಾನದ ನೆಲಮಾಳಿಗೆಯಲ್ಲಿ ಕೂತು ಊಟ ಮಾಡುತ್ತಿರುತ್ತಾನೆ. ರಾಕ್ಷಸ ಬಂದರೆ ಹೆದರುವುದಿಲ್ಲ. ಕುಡಿಯೋಕೆ ಕೊಡುತ್ತಾನೆ, ಚುಟ್ಟಾ ಕೊಡುತ್ತಾನೆ. ಮುದುಕ ಕೊಟ್ಟಿದ್ದೂ ಅವೇ ಅಲ್ವಾ! ಈ ಮನುಷ್ಯನಿಗೆ ಕಣ್ಣೂ ಕಾಣುತ್ತದೆ. ಪಾಪ ಅದಕ್ಕೆ ಹೇಗೆ ಗೊತ್ತಾಗಬೇಕು, ಮುದುಕ ಕೊಟ್ಟಿದ್ದು ಕೊಡೋಕೆ, ಇವನು ಕೊಡುತ್ತಿರೋದು ಗಾಳಕ್ಕೆ ಎರೆಹುಳ ಸಿಕ್ಕಿಸಿದ ಹಾಗೆ ಅಂತ. ನಿನಗೊಬ್ಬಳು ಜೊತೆಗಾತಿಯನ್ನು ಮಾಡಿಕೊಡುತ್ತೇನೆ ಅನ್ನುತ್ತಾನೆ, ಅಷ್ಟಕ್ಕೇ ರಾಕ್ಷಸ ಅವನು ಹೇಳಿದ ಕೆಲಸ ಎಲ್ಲಾ ಮಾಡೋಕೆ ತಯಾರು. (ನೋಡಿದೆಯಾ, ನಾನೇ ಪಾಪ ಅಂದುಬಿಟ್ಟೆ. ಸಿನಿಮಾ ಅನ್ನಲಿಲ್ಲ.)

ನಿನ್ನ ಕಥೆಯಲ್ಲಿ ಈ ಎರಡನೆಯವನ ಜಾಗ ಖಾಲಿ ಇದೆ. ಊರವರೆಲ್ಲ ಒಂದೇ ಸಮನೆ ಕಲ್ಲು ಹೊಡೆಯುತ್ತಾರೆ. ಹಾಗಿರಲ್ಲಪ್ಪಾ ಊರು. ಕೆರೆಯವನು ತಿರುಗಿ ಬಂದಿದ್ದಾನೆ ಅಂದರೆ ಅವನಿಂದ ಏನಾದರೂ ಲಾಭ ಇದೆಯಾ ಅಂತ ಲೆಕ್ಕ ಹಾಕೋನು ಒಬ್ಬನಾದರೂ ಇರುತ್ತಾನೆ. ಕೆರೆ ಅಂಗಳ ಒತ್ತುವರಿ ಮಾಡಿರುವ ಆ ಕಂಟ್ರಾಕ್ಟರ್ ಬರೀ ಎರಡು ಸಲ ಬಂದು ಹೋಗುತ್ತಾನೆ, ಅವನನ್ನು ಸ್ವಲ್ಪ ಕೂರಿಸಿ ಮಾತಾಡಿಸು.

ಕೊನೆಗೆ ಮದುಮಗಳು. ಸಿನಿಮಾದ ಹೆಸರೇ ಅವಳದು, ಆದರೆ ಬರುವುದು ಕೊನೆಯ ಕೆಲವೇ ನಿಮಿಷ. ಎಲ್ಸಾ ಲ್ಯಾಂಚೆಸ್ಟರ್, ಸಿಡಿಲು ಬಡಿದ ಹಾಗೆ ಎದ್ದು ನಿಂತ ಕೂದಲು, ಎರಡೂ ಬದಿಗೆ ಬಿಳಿ ಪಟ್ಟೆ. ಲಂಡನ್ನಿನ ಪಾರ್ಕಿನಲ್ಲಿ ನೋಡಿದ ಹಂಸಗಳು ಸಿಟ್ಟಿಗೆದ್ದಾಗ ಮಾಡುವ ಬುಸ್ ಶಬ್ದವನ್ನು ಅವಳು ಅಲ್ಲಿ ತಂದಿದ್ದಾಳೆ. ರಾಕ್ಷಸ ಆಸೆಯಿಂದ, ಹೆದರುತ್ತಾ, ಅವಳ ಕೈ ಮುಟ್ಟುತ್ತಾನೆ. ಅವಳು ಕಿರುಚುತ್ತಾಳೆ. ಅಷ್ಟೇ, ಅಲ್ಲಿಗೆ ಅವನ ಲೆಕ್ಕ ಮುಗಿಯಿತು. ಫ್ರಾಂಕೆನ್‌ಸ್ಟೈನ್‌ನನ್ನೂ ಅವನ ಹೆಂಡತಿಯನ್ನೂ ಹೋಗಿ ಅಂತ ಬಿಟ್ಟು, ಪ್ರಿಟೋರಿಯಸ್‌ನನ್ನು ನಿಲ್ಲಿಸಿಕೊಂಡು, ಸನ್ನೆಗೋಲು ಎಳೆದು ಇಡೀ ಗೋಪುರ ಉರುಳಿಸುತ್ತಾನೆ. ತಮಾಷೆ ಅಂದರೆ, ಮೊದಲು ತೆಗೆದ ಮುಕ್ತಾಯದಲ್ಲಿ ಫ್ರಾಂಕೆನ್‌ಸ್ಟೈನ್ ಕೂಡ ಸಾಯುತ್ತಿದ್ದ, ಆಮೇಲೆ ಬದಲಾಯಿಸಿದರು. ಆದರೂ ಗೋಪುರ ಕುಸಿಯುವ ಶಾಟ್‌ನಲ್ಲಿ ಕಣ್ಣಿಟ್ಟು ನೋಡಿದರೆ ಅವನು ಇನ್ನೂ ಒಳಗೇ ನಿಂತಿದ್ದಾನೆ! ಆದ್ದರಿಂದ ನಿನ್ನ 17ನೇ ಪುಟದಲ್ಲಿ ಸತ್ತ ಎಮ್ಮೆ 20ನೇ ಪುಟದಲ್ಲಿ ಹಾಲು ಕೊಟ್ಟಿದ್ದಕ್ಕೆ ಜಾಸ್ತಿ ಬೇಜಾರು ಮಾಡಿಕೊಳ್ಳಬೇಡ. ತಿದ್ದಿಬಿಡು.

ಆ ಎಲ್ಸಾ ಅದೇ ಸಿನಿಮಾದ ಮೊದಲಲ್ಲಿ ಇನ್ನೊಂದು ಪಾತ್ರ ಮಾಡಿದ್ದಾಳೆ, ಗುಡುಗು ಮಳೆಯ ರಾತ್ರಿ ಕೂತು ಕಥೆ ಹೇಳುವ ಮೇರಿ ಶೆಲ್ಲಿ. ಅಂದರೆ ಅವನನ್ನು ಹುಟ್ಟಿಸಿದ ಮುಖವೇ ಕೊನೆಗೆ ಅವನನ್ನು ನೋಡಿ ಕಿರುಚುತ್ತದೆ. ನಿನಗೆ ಕೆರೆಯವನನ್ನು ಕಂಡರೆ ಭಯವೇ ಇಲ್ಲ ತಮ್ಮಾ. ತುಂಬಾ ಮುದ್ದು ಮಾಡಿದ್ದೀಯ. ಒಂದು ರಾತ್ರಿ ಅವನು ನಿನ್ನ ಕಿಟಕಿಯ ಹತ್ತಿರ ಬಂದು ನಿಂತರೆ ನೀನು ಏನು ಮಾಡುತ್ತೀಯ ಅಂತ ಯೋಚಿಸಿ, ಆಮೇಲೆ ಬರೆ.

ಈಗ ಬಾಲ್ಯದ ಆ ನಾಲ್ಕು ಪುಟ ಹರಿದು ಹಾಕು. ಶ್ಯಾನುಭೋಗನನ್ನು ಬಿಟ್ಟುಬಿಡು. 9ನೇ ಪುಟದಲ್ಲಿ ಕೆರೆ ಏರಿಯ ಮೇಲೆ ಮುದ್ದೆ, ಸೊಪ್ಪಿನ ಸಾರು ಮಾಡಿ ಮಾರುವ ಒಬ್ಬಳು ಅಜ್ಜಿ ಬರುತ್ತಾಳೆ, ಎರಡು ಸಾಲು ಬಂದು ಮಾಯ ಆಗುತ್ತಾಳೆ. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದವಳು ಅವಳೇ. ಕೆರೆಯವನು ಅವಳ ಹತ್ತಿರ ಹೋಗಲಿ. ಹಾಗಂತ ಅಜ್ಜಿಯನ್ನು ಕುರುಡಿ ಮಾಡೋಕೆ ಹೋಗಬೇಡ, ಆ ಕುರುಡು ಮುದುಕ ಸಿನಿಮಾಕ್ಕಿಂತ ಮೊದಲು ಮೇರಿಯ ಪುಸ್ತಕದಲ್ಲೇ ಇದ್ದ, ಇನ್ನೂರು ವರ್ಷ ಹಳಬ. ನಿನ್ನ ಅಜ್ಜಿಗೆ ಕಣ್ಣು ಚೆನ್ನಾಗಿಯೇ ಕಾಣಲಿ. ಅವನ ಮೈಮೇಲಿನ ಪಾಚಿ ನೋಡಲಿ, ಉಗುರು ನೋಡಲಿ, ಮೀನುಗಾರನ ಮಗನ ವಿಷಯವೂ ಅವಳಿಗೆ ಗೊತ್ತಿರಲಿ. ನೋಡಿ, ಸೌಟು ಕೆಳಗಿಟ್ಟು, ಮೊದಲು ಕೈ ತೊಳ್ಕೊಂಡು ಬಾ ಅನ್ನಲಿ. ಅವನು ಕೈ ತೊಳೆಯೋಕೆ ಅದೇ ಕೆರೆಗೆ ಇಳಿಯಬೇಕಲ್ಲ, ಅಲ್ಲಿಂದ ಮುಂದೆ ನೀನು ಬರೆ. ದಸರಾ ರಜೆ ಮುಗಿಯೋದರೊಳಗೆ ಕಳಿಸು.

ನಿನ್ನ,
ಮೇಷ್ಟ್ರು