ಮೊದಲು ಕೇಳಿಸಿಕೊಳ್ಳುವವರಿಗೆ ತರಬೇತಿ ಕೊಡಿಸಿ: ವಿರಾಜಪೇಟೆ ಶಾಸಕರಿಗೊಂದು ಬಹಿರಂಗ ಪತ್ರ

ವಿರಾಜಪೇಟೆ ಕ್ಷೇತ್ರದ ಶಾಸಕರಾದ ಶ್ರೀ ಎ.ಎಸ್. ಪೊನ್ನಣ್ಣ ಅವರಿಗೆ ನಮಸ್ಕಾರಗಳು.

ಸರ್, ನಾನು ಪೊನ್ನಂಪೇಟೆ ತಾಲೂಕಿನ ಒಂದು ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯುವವಳು. ನಿಮ್ಮ ಹತ್ತಿರ ಒಂದು ಕೆಲಸ ಆಗಬೇಕಿದೆ: ಹಿಂಸೆಗೆ ಒಳಗಾದ ಹೆಂಗಸರ ಕಷ್ಟವನ್ನು ಮೊದಲು ಕೇಳಿಸಿಕೊಳ್ಳುವ ಊರಿನವರಿಗೆ ತರಬೇತಿ ಕೊಡಿಸಬೇಕು. ಅದಕ್ಕೆ ಮೊದಲು ಒಂದು ಸಂಜೆ ನಡೆದದ್ದನ್ನು ಹೇಳಿಬಿಡುತ್ತೇನೆ.

ಕಾಫಿ ಕೊಯ್ಲಿನ ಸಮಯ. ವಾರದ ಉಳಿತಾಯ ಕಟ್ಟಲು ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲುಮನೆಯ, ಹೆಂಗಸೊಬ್ಬಳು ಬಂದಿದ್ದಳು. ಹುಬ್ಬಿನ ಮೇಲೆ ಗಾಯ, ಅದಕ್ಕೆ ಅರಿಶಿನ ಒತ್ತಿಕೊಂಡಿದ್ದಳು. ಏನಾಯ್ತು ಅಂದೆ. ಕಣದಲ್ಲಿ ಜಾರಿ ಬಿದ್ದೆ ಅಂದಳು. ಉಳಿದವರೆಲ್ಲ ಹೋದ ಮೇಲೂ ಅವಳು ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ, "ಅಕ್ಕಾ, ಬಿದ್ದದ್ದಲ್ಲ" ಅಂದಳು.

ನಾನೇನು ಹೇಳಿದೆ ಗೊತ್ತಾ ಸರ್? "ಕುಡಿದು ಬಂದಾಗ ಎದುರು ಮಾತಾಡಬೇಡ. ಮಕ್ಕಳ ಮುಖ ನೋಡಿ ಸ್ವಲ್ಪ ಅನುಸರಿಸಿಕೊಂಡು ಹೋಗು." ಅವಳು ತಲೆಯಾಡಿಸಿ ಎದ್ದು ಹೋದಳು. ಮತ್ತೆ ಆ ಮಾತು ಎತ್ತಲೇ ಇಲ್ಲ. ಮುಂದಿನ ವರ್ಷ ಆ ಕುಟುಂಬ ಬೇರೆ ತೋಟಕ್ಕೆ ಹೋಯಿತು. ಅವಳೀಗ ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ.

ಅವಳಿಗೆ ಕೆಡುಕಾಗಲಿ ಅಂತ ನಾನು ಹೇಳಿದ್ದಲ್ಲ. ನನಗೆ ಗೊತ್ತಿದ್ದದ್ದೇ ಅಷ್ಟು. ನಮ್ಮಮ್ಮನೂ ಅಜ್ಜಿಯೂ ಹೇಳುತ್ತಿದ್ದದ್ದು ಅದನ್ನೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಹಿಂಸೆಗೆ ಒಳಗಾದವರಲ್ಲಿ ಯಾರದ್ದಾದರೂ ಸಹಾಯ ಕೇಳಿದವರು ಇಡೀ ದೇಶದಲ್ಲಿ ನೂರಕ್ಕೆ 14 ಮಾತ್ರ. ಹಾಗೆ ಕೇಳಿದವರೂ ಮೊದಲು ಹೋಗುವುದು ಠಾಣೆಗಲ್ಲ, ತವರಿಗೆ, ಹತ್ತಿರದವರ ಬಳಿಗೆ. ನಮ್ಮ ಕಡೆ ಆ ಹತ್ತಿರದವರು ಅಂದರೆ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಸಂಘದ ಅಕ್ಕ, ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್, ಆಳುಗಳನ್ನು ಕರೆದೊಯ್ಯುವ ಜೀಪಿನ ಡ್ರೈವರ್. ಇವರ ಬಾಯಿಂದ ಬರುವ ಮೊದಲ ಮಾತಿನ ಮೇಲೆ ಎಲ್ಲ ನಿಂತಿದೆ. ನಾನು ಆ ಮಾತನ್ನೇ ಹಾಳು ಮಾಡಿದ್ದೆ.

ಆಮೇಲೊಮ್ಮೆ ಒಂದು ದಿನದ ತರಬೇತಿಗೆ ಹೋಗಿದ್ದೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ಒಬ್ಬಳು ಮೂರು ನಿಮಿಷ ತನ್ನ ಕಷ್ಟ ಹೇಳಬೇಕು. ಇನ್ನೊಬ್ಬಳು ಬುದ್ಧಿ ಹೇಳುವ ಹಾಗಿಲ್ಲ, "ಯಾಕೆ" ಅಂತ ಕೇಳುವ ಹಾಗೂ ಇಲ್ಲ. ಸುಲಭ ಅನ್ನಿಸುತ್ತದೆ ಅಲ್ವಾ? ಒಂದು ನಿಮಿಷ ದಾಟುವುದರೊಳಗೆ ಕೋಣೆಯ ತುಂಬಾ "ನೀನೇನು ಮಾಡಿದ್ದೆ?", "ಯಾಕೆ ಹೊಡೆದ?" ಅಂತಲೇ ಕೇಳಿಸಿತು. ನಾಲ್ಕನೇ ಸಲಕ್ಕೆ ನಾವು ಸುಮ್ನೆ ಕೇಳಿಸಿಕೊಳ್ಳುವುದನ್ನು ಕಲಿತೆವು. ಆಮೇಲೆ ಹೇಳಬೇಕಾದ ಮಾತು ಕಲಿತೆವು: "ನೀನು ಹೇಳಿದ್ದನ್ನು ನಂಬುತ್ತೇನೆ. ಇದು ನಿನ್ನ ತಪ್ಪಲ್ಲ. ಇವತ್ತು ರಾತ್ರಿ ಮನೆಗೆ ಹೋಗಲು ಭಯ ಇದೆಯಾ?"

ಈ ಕೊನೆಯ ಪ್ರಶ್ನೆ ಕೊಡಗಿನಲ್ಲಿ ಬಹಳ ಮುಖ್ಯ. ಪೇಟೆಯಲ್ಲಿ ಕೂಗಿದರೆ ಪಕ್ಕದ ಮನೆಗೆ ಕೇಳಿಸುತ್ತದೆ. ಇಲ್ಲಿ ತೋಟದ ನಡುವೆ ಒಂಟಿ ಮನೆ. ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. 112, 181 ಅಂತ ಸಹಾಯವಾಣಿ ನಂಬರ್ ಗೋಡೆಗೆ ಬರೆಸಿದರೆ ಸಾಲದು. ಸಹಾಯ ಕೇಳಲು ಜಿಲ್ಲಾ ಕೇಂದ್ರ ಮಡಿಕೇರಿಗೆ ಹೋಗಿ ಬರೋಣ ಅಂದರೆ ಕುಟ್ಟದ ಕಡೆಯವರಿಗೆ ಒಂದು ದಿನದ ಕೂಲಿ ಹೋಯಿತು. ಲೈನ್ ಮನೆಯಲ್ಲಿ ಇನ್ನೊಂದು ಕಷ್ಟ. ಆ ಮನೆ ಗಂಡನ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಅವನನ್ನು ಬಿಟ್ಟರೆ ಸೂರೇ ಹೋಗುತ್ತದೆ ಅನ್ನುವ ಭಯಕ್ಕೆ ಎಷ್ಟೋ ಹೆಂಗಸರು ಬಾಯಿ ಬಿಡುವುದಿಲ್ಲ. ಅದಕ್ಕೇ ಮಾಲೀಕರೂ ರೈಟರೂ ಈ ತರಬೇತಿಯಲ್ಲಿ ಕೂರಬೇಕು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಕೋವಿ ನಮ್ಮ ಗೌರವ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಆದರೆ ಜಗಳದ ಮನೆಯಲ್ಲಿ ಕೈಗೆ ಸಿಗುವ ಜಾಗದಲ್ಲಿ ಕೋವಿ ಇದ್ದರೆ ಅಪಾಯ ಬೇರೆಯೇ ಆಗುತ್ತದೆ. "ಮನೆಯಲ್ಲಿ ಕೋವಿ ಇದೆಯಾ, ಎಲ್ಲಿಟ್ಟಿದ್ದಾರೆ?" ಅಂತ ಕೇಳಲು ನಮಗೆ ಧೈರ್ಯ ಬರಬೇಕು. ಕೋರ್ಟ್ ಹೇಳಿದರೆ, ಕೌಟುಂಬಿಕ ಹಿಂಸೆಯ ದೂರು ನೋಡಿಕೊಳ್ಳುವ ಸಂರಕ್ಷಣಾಧಿಕಾರಿ ಹಿಂಸೆಗೆ ಬಳಸಿದ ಆಯುಧವನ್ನು ವಶಕ್ಕೆ ಪಡೆಯಬಹುದು ಅನ್ನುವುದು ಎಷ್ಟು ಜನರಿಗೆ ಗೊತ್ತು? ಒಕ್ಕದ, ಅಂದರೆ ಕೊಡವ ಮನೆತನದ, ಹಿರಿಯರಿಗೆ ಇದನ್ನು ಹೇಳಿಕೊಡಿ. ಅವರು ಹೇಳಿದರೆ ಗಂಡಸರು ಕೇಳುತ್ತಾರೆ.

ನೀವು ವಕೀಲರು, ಕಾನೂನು ನಿಮಗೆ ನಾನು ಹೇಳಬೇಕಿಲ್ಲ. ಆದರೆ ಊರಿನವರಿಗೆ ಹೇಳಬೇಕು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ, ಅಂದರೆ ನಮ್ಮಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೆ, ವಿಷಯ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಹಾಕಲಾಗುವುದಿಲ್ಲ. "ನಮಗ್ಯಾಕೆ ಊರ ಉಸಾಬರಿ, ನಾಳೆ ಕೋರ್ಟಿಗೆ ಅಲೆಯಬೇಕು" ಅನ್ನುವವರಿಗೆ ಇದೊಂದೇ ವಿಷಯ ಗೊತ್ತಾದರೂ ಸಾಕು, ಅರ್ಧ ಜನ ಬಾಯಿ ತೆರೆಯುತ್ತಾರೆ.

ಅತ್ಯಾಚಾರದ ವಿಷಯದಲ್ಲಿ ನಮ್ಮ ಅಜ್ಞಾನ ಇನ್ನೂ ಜಾಸ್ತಿ. ನಮ್ಮ ಮೊದಲ ಕೆಲಸವೇ ಸ್ನಾನ ಮಾಡಿಸಿ ಬಟ್ಟೆ ಒಗೆಯುವುದು. ಸಾಕ್ಷಿ ನೀರಿನಲ್ಲಿ ಹೋಗಿಬಿಡುತ್ತದೆ. ಬಟ್ಟೆಯನ್ನು ಪ್ಲಾಸ್ಟಿಕ್ಕಿಗೆ ಹಾಕದೆ ಕಾಗದದಲ್ಲಿ ಸುತ್ತಿಡಬೇಕು. ಗರ್ಭ ನಿಲ್ಲದಂತೆ, ಎಚ್‌ಐವಿ ತಗಲದಂತೆ ಕೊಡುವ ಔಷಧಿ 72 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೆಯದು. ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಮಗುವಿನ ವಿಷಯವಾದರೆ ತಿಳಿದೂ ಸುಮ್ಮನಿರುವುದೇ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ, ಕಾಯ್ದೆಯಲ್ಲಿ ಅಪರಾಧ. ಆದರೂ ಹಿರಿಯರು ಕೂತು ರಾಜಿ ಮಾಡಿಸುವುದು ನಿಂತಿಲ್ಲ ಸರ್.

ಹಾಗಾಗಿ ಕೇಳುತ್ತಿದ್ದೇನೆ. ಮಾರ್ಚ್ 8ರ ಮಹಿಳಾ ದಿನದಂದು ಬ್ಯಾನರ್ ಕಟ್ಟಿ, ಭಾಷಣ ಮಾಡಿ, ಊಟ ಹಾಕಿಸುವ ಕಾರ್ಯಕ್ರಮ ಬೇಡ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಮೂವತ್ತು ಜನ ಸಾಕು, ಎರಡು ದಿನ ತರಬೇತಿ, ಆರು ತಿಂಗಳಿಗೆ ಮತ್ತೊಮ್ಮೆ. ಅದರಲ್ಲಿ ಕನಿಷ್ಠ ಹತ್ತು ಮಂದಿ ಗಂಡಸರಿರಲಿ. ಬುಡಕಟ್ಟಿನವರ ಹಾಡಿಗಳಲ್ಲಿ ಯರವ ಮತ್ತು ಜೇನು ಕುರುಬ ಮಾತು ಬಲ್ಲವರೇ ಕಲಿಸಲಿ. ಅಸ್ಸಾಂ, ಬಂಗಾಳದಿಂದ ಬಂದ ಕೆಲಸಗಾರರಿಗೆ ಅವರ ಭಾಷೆಯಲ್ಲೇ ಹೇಳಲಿ. ಸಿಡಿಪಿಒ, ಠಾಣೆಯ ಮಹಿಳಾ ಪೊಲೀಸ್, ಉಚಿತ ಕಾನೂನು ನೆರವಿನ ವಕೀಲರು ಆ ದಿನ ಬಂದು ಮುಖ ತೋರಿಸಲಿ. ಗುರುತಿಲ್ಲದ ಆಫೀಸಿಗೆ ಯಾರೂ ಹೋಗುವುದಿಲ್ಲ, ಗುರುತಿನ ಮುಖವಿದ್ದರೆ ಹೋಗುತ್ತಾರೆ.

ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮೊದಲೇ ಒಂದು ಕಡೆ ಶುರು ಮಾಡಿ. ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿರಲ್ಲ. ಜಾಗ ನಮ್ಮ ಸಂಘದ ಕಟ್ಟಡದಲ್ಲಿದೆ, ಮೂವತ್ತು ಜನಕ್ಕೆ ಚಾಪೆ ಇದೆ, ಚಹಾ ನಾವೇ ಮಾಡುತ್ತೇವೆ. ದಿನ ಗೊತ್ತು ಮಾಡಿ ಪಂಚಾಯಿತಿಗೆ ಒಂದು ಮಾತು ಹೇಳಿದರೆ ಸಾಕು.

ಇಂತಿ,
ಪೊನ್ನಂಪೇಟೆ ತಾಲೂಕಿನ ಒಬ್ಬ ಸಂಘದ ಅಕ್ಕ