ಮೇಜಿನ ಹಲಗೆಗಳ ನಡುವೆ ಸಂದು ಬಿಡಿ

ಮಾನ್ಯ ಸಂಪಾದಕರೇ,

ಮಧ್ಯಯುಗದ ಯುರೋಪಿನ ಬದುಕನ್ನು ಮರುಪ್ರದರ್ಶಿಸುವ ಹವ್ಯಾಸಿಗಳ ಕುರಿತ ನಿಮ್ಮ ಲೇಖನ ಓದಿ ಸಂತೋಷವಾಯಿತು. ಆದರೆ ಅದರಲ್ಲಿದ್ದ ಒಂದು ಸಲಹೆಯನ್ನು ತಿದ್ದಲೇಬೇಕು. ಮೇಜಿನ ಹಲಗೆಗಳನ್ನು ಅಂಟು ಹಾಕಿ ಬೆಸೆದು, ಅಡಿಯ ಅಡ್ಡಪಟ್ಟಿಗೆ ಸ್ಕ್ರೂ ಬಿಗಿದು, ಮೇಲೊಂದು ಬಟ್ಟೆ ಹೊದಿಸಿದರೆ ಸಾಕು ಎಂದು ಅಲ್ಲಿ ಬರೆದಿದೆ. ಸ್ಕ್ರೂ ಕಣ್ಣಿಗೆ ಬೀಳುತ್ತದೆಯೋ ಇಲ್ಲವೋ ಎಂಬುದು ಚಿಕ್ಕ ಮಾತು. ಹಾಗೆ ಬಿಗಿದ ಮೇಜು ಒಂದೆರಡು ಋತು ಕಳೆಯುವಷ್ಟರಲ್ಲಿ ಸೀಳಬಹುದು ಎಂಬುದು ದೊಡ್ಡ ಮಾತು.

ಮರ ಉದ್ದಕ್ಕೆ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಮಾಮೂಲಿ ಸೀಳಿನ ಓಕ್ ಹಲಗೆಯ ತೇವಾಂಶ ಶೇ 4ರಷ್ಟು ಏರಿಳಿದರೆ, 70 ಸೆಂ.ಮೀ. ಅಗಲದಲ್ಲಿ ಸುಮಾರು 1 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಅಡ್ಡಪಟ್ಟಿಯ ನಾರು ಹಲಗೆಗೆ ಅಡ್ಡವಾಗಿರುವುದರಿಂದ ಪಟ್ಟಿ ಕದಲುವುದಿಲ್ಲ, ಹಲಗೆ ಕದಲದೆ ಬಿಡುವುದಿಲ್ಲ. ಎರಡನ್ನೂ ಅಲುಗದಂತೆ ಕಟ್ಟಿಹಾಕಿದರೆ ಒಡೆಯುವುದು ಹಲಗೆಯೇ. ಕಾಂಡದ ನಡುವಿನಿಂದ ತೊಗಟೆಯತ್ತ ಸೀಳಿದ ಹಲಗೆ ಸಿಕ್ಕರೆ ಬಿಡಬೇಡಿ, ಅದರ ಕದಲಿಕೆ ಹೆಚ್ಚುಕಡಿಮೆ ಅರ್ಧದಷ್ಟೇ.

ಆ ಕಾಲದ ಬಡಗಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. 14-15ನೇ ಶತಮಾನದ ದೊಡ್ಡ ಮನೆಗಳಲ್ಲಿ ಊಟದ ಮೇಜೆಂದರೆ ಮುಕ್ಕಾಲಿಗಳ ಮೇಲೆ ಬಿಡಿಯಾಗಿ ಇಟ್ಟ ಹಲಗೆ. ಊಟ ಮುಗಿದ ಮೇಲೆ ಬಿಚ್ಚಿ ಗೋಡೆಗೆ ಒರಗಿಸುತ್ತಿದ್ದರು. ಗಾಡಿಯಲ್ಲಿ ಹಾಕಿಕೊಂಡು ಹೋಗಬೇಕಾದ ಹವ್ಯಾಸಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ನಾಲ್ಕು ಜನ ಕೂರುವ ಮೇಜಿಗೆ 180 ಸೆಂ.ಮೀ. ಉದ್ದ, 23 ಸೆಂ.ಮೀ. ಅಗಲ, 28 ಮಿ.ಮೀ. ದಪ್ಪದ ಮೂರು ಹಲಗೆ ಸಾಕು. ಓಕ್ ಆದರೆ ಸುಮಾರು 25 ಕೆ.ಜಿ. ತೂಗುತ್ತದೆ, ಇಬ್ಬರು ಸಲೀಸಾಗಿ ಎತ್ತಬಹುದು. ಮರ ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ಹೇಳಲಾಗದು. ಒಂದು ಹಲಗೆಯನ್ನು ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಕೆಲಸಕ್ಕೆ ತೊಡಗಿ.

ಹಲಗೆಗಳನ್ನು ಒಂದಕ್ಕೊಂದು ಅಂಟಿಸಬೇಡಿ. ನಡುವೆ 3 ಮಿ.ಮೀ. ಸಂದು ಬಿಟ್ಟು, ಅಡಿಯಲ್ಲಿ 62 ಸೆಂ.ಮೀ. ಉದ್ದದ ಎರಡು ಅಡ್ಡಪಟ್ಟಿ ಕೊಡಿ. ಪ್ರತಿ ಹಲಗೆಗೆ ಪ್ರತಿ ಪಟ್ಟಿಯಲ್ಲಿ ಎರಡೇ ಮೊಳೆ, ಅದೂ ಹಲಗೆಯ ನಡುಭಾಗದಲ್ಲಿ, 4-5 ಸೆಂ.ಮೀ. ಅಂತರದಲ್ಲಿ. ಅಂಚಿಗೆ ಹೊಡೆದಿರೋ, ಸೀಳು ಖಚಿತ. ನಡುವೆ ಹೊಡೆದರೆ ಪ್ರತಿ ಹಲಗೆಯೂ ತನ್ನ ನಡುವಿನಿಂದ ಎರಡೂ ಬದಿಗೆ ಹಿಗ್ಗಿಕೊಳ್ಳುತ್ತದೆ. ಮೊಳೆಗೆ ಮೊದಲು ಬೈರಿಗೆಯಿಂದ ತೂತು ಮಾಡಿ, ಹೊರಬಂದ ಮೊನೆಯನ್ನು ಮಡಚಿ ಮತ್ತೆ ಪಟ್ಟಿಯೊಳಕ್ಕೇ ಬಡಿಯಿರಿ. ಕಬ್ಬಿಣದ ಸುತ್ತ ಓಕ್ ನೀಲಿಗಪ್ಪಾಗುವುದು ಮರದ ಒಗರಿನಿಂದ. ಅದು ಆಗಲೂ ಆಗುತ್ತಿತ್ತು, ಉಜ್ಜಿ ತೆಗೆಯುವ ಅಗತ್ಯವಿಲ್ಲ. ಮರಕ್ಕೆ ಹಾಕುವ ಸ್ಕ್ರೂ ಸಾಮಾನ್ಯವಾದದ್ದು 18ನೇ ಶತಮಾನದಿಂದೀಚೆಗೆ. ಕೂಡು ಗುರುತಿನ (+) ತಲೆಯ ಸ್ಕ್ರೂ ಅಂತೂ 1930ರ ದಶಕದ್ದು.

ಇನ್ನು ಮುಕ್ಕಾಲಿ. ಇಡೀ ಮೇಜಿನ ಜೀವ ಇರುವುದು ಇಲ್ಲೇ. ಮೂರು ಕಾಲಿನದು ಹಳ್ಳದಿಣ್ಣೆಯ ನೆಲದಲ್ಲೂ ಕುಂಟುವುದಿಲ್ಲ. ಕಾಲುಗಳನ್ನು ಕೂರಿಸುವ ತಲೆದಿಮ್ಮಿ 65 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ, 7 ಸೆಂ.ಮೀ. ದಪ್ಪ. ಒಂದು ತುದಿಯಲ್ಲಿ ಎರಡು ಕಾಲು, ಇನ್ನೊಂದರಲ್ಲಿ ಒಂದು. ತೂತು 28 ಮಿ.ಮೀ., ದಿಮ್ಮಿಯ ತುದಿಯಿಂದ ಕನಿಷ್ಠ 8 ಸೆಂ.ಮೀ. ಒಳಗೆ, ಹೊರಕ್ಕೆ ಸುಮಾರು 15 ಡಿಗ್ರಿ ವಾಲಿರಲಿ. ಹಲಗೆ ಚೂರೊಂದನ್ನು ಅದೇ ಕೋನಕ್ಕೆ ಕತ್ತರಿಸಿ ಬೈರಿಗೆಯ ಪಕ್ಕ ನಿಲ್ಲಿಸಿಕೊಂಡರೆ ಕೈ ತಪ್ಪುವುದಿಲ್ಲ. ಕಾಲುಗಳನ್ನು ಗರಗಸದಿಂದ ಕೊಯ್ಯದೆ, ನಾರಿನ ಗುಂಟ ಬೆಣೆಯಿಟ್ಟು ಸೀಳಿ. ನಾರು ಓರೆಯಾಗಿ ಹೊರಬಿದ್ದ ಜಾಗದಲ್ಲೇ ಕಾಲು ಮುರಿಯುವುದು.

ಕಾಲು ದಿಮ್ಮಿಗಿಂತ ಹೆಚ್ಚು ಒಣಗಿರಬೇಕು. ಆಗ ದಿಮ್ಮಿ ಒಣಗುತ್ತಾ ಕಾಲನ್ನು ಕಚ್ಚಿಹಿಡಿಯುತ್ತದೆ. ತಿರುಗಾಮುರುಗಾ ಆದರೆ ಕಾಲು ಕುಗ್ಗಿ ಕಳಚುತ್ತದೆ. ಕಾಲಿನ ತಲೆಯನ್ನು ಸೀಳಿ ಮೇಲಿನಿಂದ ಬೆಣೆ ಹೊಡೆಯುವಾಗ ಸೀಳು ದಿಮ್ಮಿಯ ನಾರಿಗೆ ಅಡ್ಡವಾಗಿರಲೇಬೇಕು. ನಾರಿನ ಗುಂಟ ಇಟ್ಟರೆ ಮೂರನೇ ಏಟಿಗೆ ದಿಮ್ಮಿಯೇ ಎರಡು ಹೋಳು. ಏಟಿನ ಸದ್ದು ಕೇಳುತ್ತಿರಿ: ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂದೊಡನೆ ಕೊಡತಿ ಕೆಳಗಿಡಿ. ಕಾಲುಗಳನ್ನು ಮೊದಲು 3-4 ಸೆಂ.ಮೀ. ಉದ್ದ ಬಿಟ್ಟು, ಜೋಡಿಸಿದ ಮೇಲೆ ತಲೆದಿಮ್ಮಿ 70 ಸೆಂ.ಮೀ. ಎತ್ತರಕ್ಕೆ ಸಮನಾಗಿ ನಿಲ್ಲುವಂತೆ ಕತ್ತರಿಸಿ.

ಮೇಜು ಹೂಡುವಾಗ ಎರಡು ಮುಕ್ಕಾಲಿಗಳ ಒಂಟಿ ಕಾಲು ಎದುರುಬದುರಾಗಿರಲಿ. ಒಂದೇ ಕಡೆ ಬಂದರೆ ಆ ಅಂಚಿಗೆ ಯಾರಾದರೂ ಮೊಣಕೈ ಊರಿದಾಗ ಮೇಜು ವಾಲುತ್ತದೆ. ಅಡ್ಡಪಟ್ಟಿಗಳು ಮುಕ್ಕಾಲಿಗಳ ಒಳಬದಿಗೆ ತಾಗಿ ನಿಂತರೆ ಹಲಗೆ ಉದ್ದಕ್ಕೆ ಜಾರುವುದಿಲ್ಲ.

ಮೇಲ್ಮೈಗೆ ಮರಳು ಕಾಗದ ಬೇಡ. ಹತ್ತರಿ ಹೊಡೆದ ಹಲಗೆಯ ಮೇಲೆ ಮೇಣದಬತ್ತಿಯ ಬೆಳಕು ಓರೆಯಾಗಿ ಬಿದ್ದರೆ, ಅಲಗು ಹಾದುಹೋದ ಸಣ್ಣ ಸಣ್ಣ ತಗ್ಗು ಕಾಣುತ್ತದೆ. ಅಂಗೈ ಸವರಿದರೆ ತಿಳಿಯುತ್ತದೆ. ಯಂತ್ರದ ಗರಗಸದ ಕಮಾನು ಗೆರೆಗಳನ್ನು ಮಾತ್ರ ಅಡಿಭಾಗದಲ್ಲೂ ಉಳಿಸಬೇಡಿ. ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ ಕಾಲು ಗಂಟೆಯ ಬಳಿಕ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ: ಎಣ್ಣೆ ಒಣಗುವಾಗ ಹುಟ್ಟುವ ಕಾವಿಗೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ.

ಈ ವಿಷಯದಲ್ಲಿ ಮತ್ತೆ ಬರೆಯುವುದಾದರೆ, ದಯವಿಟ್ಟು ಬಟ್ಟೆ ಹೊದಿಸಿದ ಮೇಜಿನ ಬದಲು ಅದರ ಅಡಿಭಾಗದ ಚಿತ್ರ ಹಾಕಿ. ಪಟ್ಟಿ, ಮೊಳೆ, ಸಂದು ಎಲ್ಲಿವೆ ಎಂಬುದು ಓದುಗರಿಗೆ ಅಲ್ಲೇ ಕಾಣುವುದು.

ಇತಿ,
ಮರಗೆಲಸ ಬಲ್ಲ ಓದುಗರು