ಅಪ್ಪನ ನಗು ಬರುವವರೆಗೆ ಕಾದವರಿಗೆ

ಮೊನ್ನೆ ಭಾನುವಾರ ಬೆಳಗ್ಗೆ ನಮ್ಮಪ್ಪ ಮಹಡಿ ಮೆಟ್ಟಿಲು ಹತ್ತಿದರು. ಒಟ್ಟು 17 ಮೆಟ್ಟಿಲು. ಹತ್ತೋಕೆ 11 ನಿಮಿಷ ಹಿಡಿಯಿತು. ಕಳೆದ 14 ತಿಂಗಳಿಂದ ಆ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದೆವು. ಮೇಲಿನ ರೂಮು ಅಪ್ಪಂದು, ಅಲ್ಲಿಗೆ ಹೋಗುವವರೇ ಇರಲಿಲ್ಲ. ಶನಿವಾರ ರಾತ್ರಿಯೇ ಸ್ಟ್ಯಾಂಡ್ ತೆಗೆದು ಪಕ್ಕಕ್ಕಿಟ್ಟೆ.

ಇಷ್ಟು ದಿನ "ಅಪ್ಪ ಹೇಗಿದ್ದಾರಮ್ಮಾ" ಅಂತ ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ಅರ್ಧ ಜನಕ್ಕೆ ನಾನು ವಾಪಸ್ ಮಾಡಿಯೂ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಥ್ಯಾಂಕ್ಸ್ ಹೇಳಬೇಕಾದವರಲ್ಲಿ ಇಬ್ಬರು, ಹಳೇ ಹಾಲಿವುಡ್ ಕಾಮಿಡಿ ಜೋಡಿ ಲಾರೆಲ್ ಮತ್ತು ಹಾರ್ಡಿ, ತೀರಿಹೋಗಿ ಅರವತ್ತು ವರ್ಷದ ಮೇಲಾಯಿತು. ಅವರನ್ನೂ ಸೇರಿಸಿಯೇ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವರು. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರ್‌ಗೆ ವಿಸಿಲ್ ಬೇಕಿರಲಿಲ್ಲ, ಅಂಥ ಗಂಟಲು. ಹೋದ ವರ್ಷ ಒಂದು ಸಂಜೆ ಕಾಫಿ ಲೋಟ ಬಲಗೈಯಿಂದ ಜಾರಿತು. ಬಾಯಿ ಎಡಕ್ಕೆ ಎಳೆಯಿತು. ಮೊದಲು ಕರೆದುಕೊಂಡು ಹೋದ ಕಡೆ "ಬಿಪಿ ಜಾಸ್ತಿ ಆಗಿದೆ, ಮಾತ್ರೆ ಕೊಟ್ಟಿದ್ದೀವಿ, ಬೆಳಗ್ಗೆ ಬನ್ನಿ" ಅಂತ ಕಳಿಸಿದರು. ನಾವೂ ನಂಬಿದೆವು. ಬೆಳಗ್ಗೆ ಇನ್ನೊಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಸ್ಟ್ರೋಕ್, ಅಂದರೆ ಲಕ್ವ ಅಂತ ಗೊತ್ತಾಯಿತು, ಮಿದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಅದನ್ನು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು ಇರುತ್ತದಂತೆ. ನಾವು ರಾತ್ರಿಯೆಲ್ಲ ನಿದ್ದೆ ಮಾಡಿದ್ದೆವು. ಯಾರದಾದರೂ ಬಾಯಿ ಓರೆಯಾದರೆ, ಎತ್ತಿದ ಕೈ ಕೆಳಗೆ ಬಿದ್ದರೆ, ಮಾತು ತೊದಲಿದರೆ ದಯವಿಟ್ಟು ಬೆಳಗ್ಗೆವರೆಗೆ ಕಾಯಬೇಡಿ. ಸಿಟಿ ಸ್ಕ್ಯಾನ್ ಇರುವ ಕಡೆಗೇ ನೇರ ಹೋಗಿ.

ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ: "ರೈಟ್". ಕಾಫಿ ಬೇಕಾ ಅಂದರೆ ರೈಟ್. ನೋವಿದೆಯಾ ಅಂದರೆ ರೈಟ್. ಬೇಡ ಅನ್ನೋದಕ್ಕೂ ರೈಟ್, ಆದರೆ ಆಗ ಎಡಗೈ ಬೀಸುತ್ತಿದ್ದರು. ಜನ್ಮವೆಲ್ಲ ಹೇಳಿ ಹೇಳಿ ರೂಢಿಯಾದ ಮಾತು ತಾನಾಗೇ ಬರುತ್ತದೆ, ಹುಡುಕಿ ಆಡಬೇಕಾದ ಮಾತು ಸಿಗುವುದಿಲ್ಲ, ಈ ಕಾಯಿಲೆ ಹಾಗೇ ಅಂತ ಥೆರಪಿಸ್ಟ್ ಹೇಳಿದರು.

ದಿನ ಬಿಟ್ಟು ದಿನ ಮನೆಗೆ ಬಂದ ಫಿಸಿಯೋ ಮೇಡಂಗೆ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಪ್ಪನಿಗೆ ಮತ್ತೆ 'ಅ ಆ' ಹೇಳಿಕೊಟ್ಟ ಹುಡುಗಿಯರಿಗೆ, ವೀಲ್‌ಚೇರ್ ಮಡಿಚಿ ಆಟೋದಲ್ಲಿ ಇಡೋಕೆ ಒಂದು ದಿನವೂ ಮುಖ ಸಿಂಡರಿಸದ ನಮ್ಮ ಬೀದಿಯ ಆಟೋ ಅಣ್ಣನಿಗೆ, ಮೂರು ತಿಂಗಳು ತಮ್ಮ ಮನೆ ಬಿಟ್ಟು ಬಂದು ಇಲ್ಲೇ ಇದ್ದ ಸೋದರತ್ತೆಗೆ ಎಷ್ಟು ಹೇಳಿದರೂ ಸಾಲದು. ಅತ್ತೆ ಇರದಿದ್ದರೆ ನಾನು ಕೆಲಸ ಬಿಡಬೇಕಾಗಿತ್ತು. ಇವರೆಲ್ಲ ನನ್ನೆದುರಿಗೇ ಸಿಗುತ್ತಾರೆ. ಎದುರಿಗೆ ಸಿಗದ ಆ ಇಬ್ಬರ ಬಗ್ಗೆ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಅಪ್ಪನಿಗೆ ನರಸಿಂಹರಾಜು, ಬಾಲಕೃಷ್ಣ ಅಂದರೆ ಪ್ರಾಣ. ಆಸ್ಪತ್ರೆಯಿಂದ ಬಂದ ವಾರ ಖುಷಿಯಾಗಲಿ ಅಂತ ಅವರ ಹಳೇ ದೃಶ್ಯಗಳನ್ನು ಹಾಕಿದೆ. ಎರಡೇ ನಿಮಿಷಕ್ಕೆ ಅಪ್ಪ ಮುಖ ತಿರುಗಿಸಿದರು. ಕಣ್ಣಲ್ಲಿ ನೀರು. ಆಮೇಲೆ ನನಗೆ ಹೊಳೆಯಿತು. ನಮ್ಮ ಆ ಕಾಮಿಡಿಯ ಜೀವವೆಲ್ಲ ಮಾತಿನಲ್ಲಿದೆ. ಒಬ್ಬರು ಅಂದದ್ದು ಅರ್ಥವಾಗುವಷ್ಟರಲ್ಲಿ ಇನ್ನೊಬ್ಬರು ಉತ್ತರ ಕೊಟ್ಟಿರುತ್ತಾರೆ. ಅಪ್ಪ ಬಸ್ಸಿನ ಹಿಂದೆ ಓಡಿ ಓಡಿ ಕೈಬಿಟ್ಟಂತೆ ಕೂತಿದ್ದರು.

ಪಕ್ಕದ ಮನೆಯ ಏಳನೇ ಕ್ಲಾಸ್ ಹುಡುಗ ಒಂದು ಮಧ್ಯಾಹ್ನ ಬಂದು ರಿಮೋಟ್ ಕಿತ್ತುಕೊಂಡ. "ತಾತ, ಇದು ನೋಡಿ. ಇದ್ರಲ್ಲಿ ಮಾತೇ ಇಲ್ಲ." ಹಾಕಿದ್ದು ಲಾರೆಲ್ ಮತ್ತು ಹಾರ್ಡಿಯ 'ಬಿಗ್ ಬಿಸಿನೆಸ್', 1929ರ ಮೂಕಿ ಚಿತ್ರ. ಇಬ್ಬರೂ ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಮರ ಮಾರುತ್ತಿರುತ್ತಾರೆ. ಮೀಸೆಯ ಮನೆಯೊಡೆಯ, ಅಂದರೆ ಜೇಮ್ಸ್ ಫಿನ್ಲೇಸನ್, ಬೇಡ ಅಂತ ಬಾಗಿಲು ಹಾಕುತ್ತಾನೆ. ಮರದ ಕೊಂಬೆ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಬೆಲ್ ಮಾಡುತ್ತಾರೆ. ಮತ್ತೆ ಬಾಗಿಲು. ಸ್ವಲ್ಪ ಹೊತ್ತಿಗೆ ಅವನು ಇವರ ಕಾರನ್ನು ಬಿಡಿಬಿಡಿಯಾಗಿ ಕಿತ್ತುಹಾಕುತ್ತಿರುತ್ತಾನೆ, ಇವರು ಅವನ ಮನೆಯನ್ನು. ತಮಾಷೆ ಅಂದರೆ ಯಾರೂ ಯಾರನ್ನೂ ತಡೆಯುವುದಿಲ್ಲ. ಒಬ್ಬ ಮುರಿಯುವಾಗ ಇನ್ನೊಬ್ಬ ನಿಂತು ಪೂರ್ತಿ ನೋಡುತ್ತಾನೆ. ಆಮೇಲೆ ತನ್ನ ಸರದಿ. ಕ್ಯೂ ತಪ್ಪುವುದೇ ಇಲ್ಲ.

ಅಪ್ಪ ನಕ್ಕರು. ಕಾರಿನ ದೀಪ ಕಿತ್ತಾಗ ನಗಲಿಲ್ಲ. ಕಿತ್ತಾಯಿತು, ಹಾರ್ಡಿ ಅದನ್ನು ನೋಡಿದ, ಆಮೇಲೆ ನಮ್ಮ ಕಡೆ ನೋಡಿದ. ಆಗ ಅಪ್ಪನ ಎಡಗೆನ್ನೆ ಅಲುಗಿತು, ಹೊಟ್ಟೆ ಕುಲುಕಿತು. ಮೂರು ಸೆಕೆಂಡ್ ತಡವಾಗಿ ಬಂದ ನಗು. ತೆರೆಯ ಮೇಲೆ ಇನ್ನೂ ಮುಂದಿನದು ಶುರುವಾಗಿರಲಿಲ್ಲ.

ಇದು ಹೇಗೆ ಸಾಧ್ಯವಾಯಿತು ಅಂತ ತಿಳಿಯೋಕೆ ರಾತ್ರಿಯೆಲ್ಲ ಓದಿದೆ. ಆ ಕಾಲದ ಕಾಮಿಡಿ ಚಿತ್ರಗಳೆಲ್ಲ ಓಡುತ್ತಿದ್ದವು. ಬೀಳು, ಏಳು, ಅಟ್ಟಿಸಿಕೊಂಡು ಹೋಗು. ಹಾಲ್ ರೋಚ್ ಸ್ಟುಡಿಯೋದಲ್ಲಿ ಇವರಿಬ್ಬರನ್ನು 1927ರಲ್ಲಿ ಜೋಡಿ ಮಾಡಿದಾಗ ಲಿಯೋ ಮೆಕ್ಯಾರಿ ಎಂಬ ನಿರ್ದೇಶಕ ಬೇಕೆಂದೇ ವೇಗ ಇಳಿಸಿದರು. ಚಿತ್ರ ಮುಗಿದ ಮೇಲೆ ಮೊದಲು ಒಂದು ಮಾಮೂಲಿ ಥಿಯೇಟರಿಗೆ ಒಯ್ದು ತೋರಿಸುತ್ತಿದ್ದರು. ಜನ ಎಲ್ಲಿ ನಕ್ಕರು, ಎಷ್ಟು ಹೊತ್ತು ನಕ್ಕರು ಅಂತ ನೋಡಿ ಮತ್ತೆ ಎಡಿಟ್ ಮಾಡುತ್ತಿದ್ದರು. ನಗುವಿನ ಗದ್ದಲದಲ್ಲಿ ಮುಂದಿನದು ಮುಳುಗಿಹೋಗಬಾರದು, ಅದಕ್ಕೆ. ಹಾರ್ಡಿ ಕ್ಯಾಮೆರಾ ನೋಡುವುದು, ಲಾರೆಲ್ ತಲೆ ಕೆರೆದುಕೊಳ್ಳುವುದು, ಎಲ್ಲವೂ ಜನ ನಕ್ಕು ಮುಗಿಸಲಿ ಅಂತ ಬಿಟ್ಟ ಜಾಗ. ಥಿಯೇಟರ್ ತುಂಬಿದ್ದಾಗ ಅದು ತುಂಬಿಹೋಗುತ್ತಿತ್ತು. ಮನೆಯಲ್ಲಿ ಒಬ್ಬರೇ ನೋಡಿದರೆ ಖಾಲಿ ಅನಿಸುತ್ತದೆ. ನನ್ನ ಮಗಳಂತೂ "ಅಮ್ಮಾ, ಸ್ಪೀಡ್ ಜಾಸ್ತಿ ಮಾಡು" ಅಂದಳು. ಅಪ್ಪನಿಗೆ ಮಾತ್ರ ಆ ಖಾಲಿ ಜಾಗ ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಆ ದಿನಗಳಲ್ಲಿ ಅಪ್ಪನಿಗಾಗಿ ಕಾಯುವವರು ಕಡಿಮೆ. ನಾನೇ ಅವರ ವಾಕ್ಯ ಮುಗಿಸಿಬಿಡುತ್ತಿದ್ದೆ, ಅದೂ ತಪ್ಪಾಗಿ.

ಆಮೇಲೆ ದಿನಕ್ಕೊಂದು ಚಿತ್ರ. ಜೊತೆಯಾಗಿ ಅವರು ಮಾಡಿದ್ದು ನೂರಕ್ಕೂ ಹೆಚ್ಚು, ಹಾಗಾಗಿ ಸ್ಟಾಕ್ ಖಾಲಿಯಾಗುವ ಭಯ ಇರಲಿಲ್ಲ. ಅಪ್ಪ ಅವರಿಗೆ ಹೆಸರಿಟ್ಟರು. ಕೆನ್ನೆ ಉಬ್ಬಿಸಿದರೆ ಡುಮ್ಮಣ್ಣ, ಅಂದರೆ ದಪ್ಪಗಿನ ಹಾರ್ಡಿ; ಕಿರುಬೆರಳು ತೋರಿಸಿದರೆ ಕಡ್ಡಿಪೈಲ್ವಾನ್, ಅಂದರೆ ಸಣಕಲು ಲಾರೆಲ್. ಹಾರ್ಡಿ ನಾಚಿಕೆಯಾದಾಗ ಟೈ ತುದಿಯನ್ನು ಬೆರಳಲ್ಲಿ ಆಡಿಸುತ್ತಾನಲ್ಲ, ಅಪ್ಪ ಹೆಗಲ ಟವೆಲ್‌ನ ತುದಿ ಹಿಡಿದು ಹಾಗೇ ಮಾಡೋಕೆ ಶುರು ಮಾಡಿದರು. ಎಡಗೈಯಲ್ಲಿ. ಫಿಸಿಯೋ ಮೇಡಂ ನೋಡಿದವರೇ "ಅಂಕಲ್, ಬಲಗೈಯಲ್ಲಿ ಮಾಡಿದ್ರೆ ಮಾತ್ರ ಲೆಕ್ಕ" ಅಂದರು. ರಬ್ಬರ್ ಚೆಂಡು ಹಿಸುಕು ಅಂದರೆ ಬಿಸಾಕುತ್ತಿದ್ದ ಮನುಷ್ಯ ಟವೆಲ್ ತುದಿಗೆ ಒಂದೂವರೆ ತಿಂಗಳು ಹೋರಾಡಿದರು. ಮೊದಲು ಹೆಬ್ಬೆರಳು ಬಂತು. 1933ರ ಒಂದು ಚಿತ್ರದಲ್ಲಿ ಲಾರೆಲ್ ಒಂದು ಆಟ ಆಡುತ್ತಾನೆ. ಎರಡೂ ಮಂಡಿ ತಟ್ಟಿ, ಒಂದು ಕೈಯಲ್ಲಿ ಮೂಗು, ಅದಕ್ಕೆ ಅಡ್ಡಲಾಗಿ ಇನ್ನೊಂದು ಕೈಯಲ್ಲಿ ಕಿವಿ ಹಿಡಿಯಬೇಕು. ಮತ್ತೆ ಮಂಡಿ ತಟ್ಟಿ ಕೈ ಅದಲುಬದಲು. ಹಾರ್ಡಿಗೆ ಬರುವುದೇ ಇಲ್ಲ. ನಮ್ಮ ಮನೆಯಲ್ಲೂ ಯಾರಿಗೂ ಬರಲಿಲ್ಲ, ಮೇಡಂಗೂ ಬರಲಿಲ್ಲ. ಲಕ್ವ ಹೊಡೆದವರೂ ಹೊಡೆಯದವರೂ ಅವತ್ತು ಒಂದೇ ಸಾಲಿನಲ್ಲಿ ಕೂತು ಕಿವಿ ಅಂತ ಮೂಗು ಹಿಡಿದದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಮಾತಿನ ಚಿತ್ರಗಳು ಬಂದ ಹೊಸತರಲ್ಲಿ ಈ ಜೋಡಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ತಮ್ಮದೇ ಚಿತ್ರಗಳನ್ನು ಮತ್ತೆ ಮಾಡಿದ್ದರು. ಭಾಷೆ ಬರುತ್ತಿರಲಿಲ್ಲ. ಉಚ್ಚಾರಣೆಯನ್ನು ಬೋರ್ಡಿನ ಮೇಲೆ ಬರೆಸಿ ಕ್ಯಾಮೆರಾ ಪಕ್ಕ ಇಟ್ಟು, ಅದನ್ನು ಓದಿ ಒಪ್ಪಿಸುತ್ತಿದ್ದರು. ಇದು ಗೊತ್ತಾದ ದಿನ ನಾನು ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ 'ನೀ-ರು', 'ಸಾ-ಕು', 'ಚ-ಳಿ' ಅಂತ ಬರೆದು ಟಿವಿ ಪಕ್ಕ ನಿಲ್ಲಿಸಿದೆ. ಥೆರಪಿಯ ಹುಡುಗಿಯರು ಹೇಳಿದ್ದೂ ಅದನ್ನೇ. ಅವರು ಹೇಳಿದಾಗ ಹೋಮ್‌ವರ್ಕ್ ಅನಿಸಿತ್ತು, ಈಗ ಶೂಟಿಂಗ್ ಆಯಿತು. 'ಸಾಕು' ಮೊದಲು ಬಂತು. ಅತ್ತೆಯ ಉಪ್ಪಿಟ್ಟಿಗೆ ಹೇಳಿದ್ದು, ಅತ್ತೆ ಈಗಲೂ ಮರೆತಿಲ್ಲ.

ಎಲ್ಲಕ್ಕಿಂತ ಅಪ್ಪ ಜಾಸ್ತಿ ಸಲ ನೋಡಿದ್ದು 'ದಿ ಮ್ಯೂಸಿಕ್ ಬಾಕ್ಸ್'. 1932ರದು. ಕಿರುಚಿತ್ರ ಕಾಮಿಡಿಗೆ ಮೊದಲ ಸಲ ಆಸ್ಕರ್ ಕೊಟ್ಟಾಗ ಗೆದ್ದದ್ದು ಇದೇ. ಕಥೆ ಅಂತ ಏನಿಲ್ಲ. ಇಬ್ಬರೂ ಒಂದು ಪಿಯಾನೋವನ್ನು ಉದ್ದನೆಯ ಮೆಟ್ಟಿಲ ಸಾಲಿನ ಮೇಲಿರುವ ಮನೆಗೆ ಸಾಗಿಸಬೇಕು. ಅರ್ಧ ಹತ್ತುತ್ತಾರೆ, ಪಿಯಾನೋ ಟಣಟಣ ಅಂತ ಕೆಳಗೆ ಹೋಗುತ್ತದೆ. ಮತ್ತೆ ಹತ್ತುತ್ತಾರೆ, ಮತ್ತೆ ಹೋಗುತ್ತದೆ. ಕೊನೆಗೂ ಮೇಲೆ ತಂದಿಟ್ಟಾಗ ಪೋಸ್ಟ್‌ಮ್ಯಾನ್ ಬಂದು, ಆ ಕಡೆಯಿಂದ ಗಾಡಿ ಬರುವ ರಸ್ತೆಯೇ ಇತ್ತಲ್ಲಾ ಅನ್ನುತ್ತಾನೆ. ಆಗ ಇವರು ಮಾಡುವುದೇನು? ಪಿಯಾನೋವನ್ನು ಮೆಟ್ಟಿಲಿಳಿಸಿ ಗಾಡಿಗೆ ಹಾಕಿ, ರಸ್ತೆಯಲ್ಲಿ ಮೇಲೆ ತರುತ್ತಾರೆ.

ಆ ಮೆಟ್ಟಿಲುಗಳು ಇನ್ನೂ ಇವೆ. ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್ ಕಡೆ, ವೆಂಡೋಮ್ ಸ್ಟ್ರೀಟ್‌ನಿಂದ ಮೇಲಕ್ಕೆ, 133 ಮೆಟ್ಟಿಲು. ನನ್ನ ತಮ್ಮ ಇರುವುದು ಅಲ್ಲಿಂದ ಒಂದು ಗಂಟೆ ದೂರದಲ್ಲಿ. ಅಪ್ಪನ ಹತ್ತಿರ ಇರೋಕೆ ಆಗಲಿಲ್ಲ ಅಂತ ಅವನಿಗೆ ಒಳಗೊಳಗೇ ಕೊರಗು. ಒಂದು ದಿನ ಅಲ್ಲಿಗೆ ಹೋಗಿ ವಿಡಿಯೋ ಕಾಲ್ ಮಾಡಿದ. ಅಲ್ಲಿ ಸಂಜೆ, ಇಲ್ಲಿ ಬೆಳಗಿನ ತಿಂಡಿ ಹೊತ್ತು. ಫೋನ್ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಎಣಿಸುತ್ತಾ ಹತ್ತಿದ. ಅಪ್ಪನೂ ಜೊತೆಗೆ ಎಣಿಸೋಕೆ ಶುರು ಮಾಡಿದರು! 29 ಆದ ಮೇಲೆ ಮತ್ತೆ 20ಕ್ಕೆ ಬಂದರು, ಪರವಾಗಿಲ್ಲ, ನಡೆಯಿತು. ತೊಂಬತ್ತರ ಹತ್ತಿರ ತಮ್ಮನಿಗೆ ಏದುಸಿರು. ಮಾತೇ ನಿಂತಿತು. ಆಗ ಅಪ್ಪ ಫೋನಿಗೆ ಬಾಯಿ ಹತ್ತಿರ ತಂದು, ಅದೇ ಹಳೇ ಗಂಟಲಲ್ಲಿ, "ಹೋಲ್ಡಾನ್" ಅಂದರು. ಏಳು ತಿಂಗಳಾದ ಮೇಲೆ ಬಂದ ಎರಡನೇ ಡ್ಯೂಟಿ ಮಾತು ಅದು. ಅಮೆರಿಕದಲ್ಲಿ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಸುಸ್ತಿಗೋ ಇನ್ನೇನಕ್ಕೋ, ನಾನು ಕೇಳಲಿಲ್ಲ.

ಒಂದು ವಿಷಯ ಮಾತ್ರ ಅಪ್ಪನಿಗೆ ಪೂರ್ತಿ ಹೇಳಿಲ್ಲ. ಒಂದು ರಾತ್ರಿ ಟಿವಿ ಕಡೆ ಕೈ ತೋರಿಸಿ, ಆಮೇಲೆ ಆಕಾಶ ತೋರಿಸಿ, ಹುಬ್ಬೇರಿಸಿದರು. ಇದ್ದಾರಾ, ಹೋದರಾ ಅಂತ. ಹೋದರು ಅಂದೆ. ಹೇಗೆ ಅಂತ ಕೇಳಿದರು. ವಯಸ್ಸಾಗಿತ್ತು ಅಂದುಬಿಟ್ಟೆ.

ಹಾರ್ಡಿಯವರಿಗೆ 1956ರ ಸೆಪ್ಟೆಂಬರಿನಲ್ಲಿ ಸ್ಟ್ರೋಕ್ ಆಯಿತು. ಹಾಸಿಗೆ ಹಿಡಿದರು, ಮಾತು ಹೋಯಿತು. 1957ರ ಆಗಸ್ಟ್ 7ರಂದು ತೀರಿಕೊಂಡರು. ಅದಕ್ಕೂ ಮುಂಚೆ, 1955ರಲ್ಲಿ, ಲಾರೆಲ್ ಅವರಿಗೂ ಸ್ಟ್ರೋಕ್ ಆಗಿತ್ತು. ಅವರು ಚೇತರಿಸಿಕೊಂಡರು. ಆದರೆ ಗೆಳೆಯನ ಅಂತ್ಯಕ್ರಿಯೆಗೆ ಹೋಗುವಷ್ಟು ಆರೋಗ್ಯ ಇರಲಿಲ್ಲ, ಡಾಕ್ಟರು ಬಿಡಲಿಲ್ಲ. ಆಮೇಲೆ ಏಳೂವರೆ ವರ್ಷ ಬದುಕಿದ್ದರೂ ಕ್ಯಾಮೆರಾ ಮುಂದೆ ನಟಿಸಲಿಲ್ಲ. ಸಾಂಟಾ ಮೋನಿಕಾದ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿದ್ದರು. ಫೋನ್ ನಂಬರ್ ಡೈರೆಕ್ಟರಿಯಲ್ಲೇ ಇತ್ತು, ಯಾರು ಬೇಕಾದರೂ ಮಾಡಬಹುದಿತ್ತು. ಬಂದ ಕಾಗದಗಳಿಗೆಲ್ಲ ಕೂತು ಉತ್ತರ ಬರೆಯುತ್ತಿದ್ದರು. ಜೋಡಿಗಾಗಿ ಹೊಸ ಹೊಸ ತಮಾಷೆಗಳನ್ನೂ ಬರೆಯುತ್ತಲೇ ಇದ್ದರಂತೆ. ಯಾರೂ ಮಾಡುವವರಿಲ್ಲ ಅಂತ ಗೊತ್ತಿದ್ದೂ.

ಅವರ ಆ ನಂಬರ್ ಈಗಲೂ ಹತ್ತುವಂತಿದ್ದರೆ ಈ ಬರಹ ಬೇಕಿರಲಿಲ್ಲ. ಫೋನ್ ಮಾಡಿ ಅಪ್ಪನ ಕೈಗೆ ಕೊಡುತ್ತಿದ್ದೆ. ಅಪ್ಪ ರೈಟ್ ಅನ್ನುತ್ತಿದ್ದರು.

ಭಾನುವಾರಕ್ಕೆ ವಾಪಸ್ ಬರುತ್ತೇನೆ. ಎಡಗೈ ಕಂಬಿಯ ಮೇಲೆ, ಬಲಗಡೆ ನಾನು, ಹಿಂದೆ ಪಕ್ಕದ ಮನೆ ಹುಡುಗ. ಅಪ್ಪ ಪ್ರತಿ ಮೆಟ್ಟಿಲಿಗೂ "ರೈಟ್" ಅಂದು ಕಾಲೆತ್ತಿದರು, ಸುಸ್ತಾದಾಗ "ಹೋಲ್ಡಾನ್". ಒಂಬತ್ತನೇ ಮೆಟ್ಟಿಲಲ್ಲಿ ಎರಡು ನಿಮಿಷ ಹಾಲ್ಟ್. ಕೆಳಗೆ ಅತ್ತೆ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. 17 ಮುಗಿಯಿತು. ರೂಮಿನ ಬಾಗಿಲು ತೆಗೆದೆ. ಅಪ್ಪ ತಮ್ಮ ಕುರ್ಚಿಯಲ್ಲಿ ಕೂತರು. ಮೇಜಿನ ಮೇಲೆ 14 ತಿಂಗಳ ಹಿಂದಿನ ಪೇಪರ್ ಹಾಗೇ ಇತ್ತು. ಅದನ್ನು ಬಿಡಿಸಿದರು. ಜೇಬು ತಡಕಿದರು. ಹಣೆ ಮುಟ್ಟಿಕೊಂಡರು. ಆಮೇಲೆ ನಿಧಾನಕ್ಕೆ ತಲೆ ತಿರುಗಿಸಿ ನನ್ನ ಕಡೆ ನೋಡಿದರು. ಥೇಟ್ ಡುಮ್ಮಣ್ಣನ ನೋಟ.

"ಕನ್ನಡಕ," ಅಂದರು. ಸ್ಪಷ್ಟವಾಗಿ, ಪೂರ್ತಿ ಶಬ್ದ. ಕೆಳಗೆ ಟಿವಿ ಹತ್ತಿರ ಬಿಟ್ಟಿದ್ದರು. ಹುಡುಗ "ನಾನ್ ತರ್ತೀನಿ ತಾತ" ಅಂತ ಓಡೋಕೆ ಹೊರಟ. ಅಪ್ಪ ಎಡಗೈ ಅಡ್ಡ ಹಿಡಿದು ಅವನನ್ನು ನಿಲ್ಲಿಸಿದರು. ಕುರ್ಚಿಯಿಂದ ಎದ್ದರು, ಮೆಟ್ಟಿಲ ಕಡೆ ತಿರುಗಿದರು.

"ರೈಟ್."